ಡಿಗ್ರಿ ಆದ ಮೇಲೆ ಎಂ.ಎ. ಲಿಂಗ್ವಿಸ್ಟಿಕ್ಸ್: ಓದಿದವರು ಯಾರಾದರೂ ಇದ್ದೀರಾ?

ಕೊನೇಬೆಂಚು:
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಕಡೆಯವಳು. ಬಿ.ಎ. ಕೊನೇ ಸೆಮಿಸ್ಟರ್, ಕನ್ನಡ ಮತ್ತು ಇಂಗ್ಲಿಷ್ ಐಚ್ಛಿಕ. ಎಂ.ಎ. ಕನ್ನಡ ಮಾಡು, ಆಮೇಲೆ ಬಿ.ಎಡ್. ಮಾಡು ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ನನಗೆ ಹಿಡಿಸಿದ್ದು ವ್ಯಾಕರಣದ ಪೇಪರು. ಕ್ಲಾಸಿನಲ್ಲಿ ಎಲ್ಲರೂ ಆಕಳಿಸುವಾಗ ನಾನೊಬ್ಬಳೇ ಕಣ್ಣು ಬಿಟ್ಟು ಕೂತಿರುತ್ತೇನೆ. ಅದನ್ನು ನೋಡಿ ಮೇಡಂ ಒಬ್ಬರು ಲಿಂಗ್ವಿಸ್ಟಿಕ್ಸ್, ಅಂದರೆ ಭಾಷಾವಿಜ್ಞಾನ, ಯಾಕೆ ಓದಬಾರದು ಅಂದರು. ಅವತ್ತಿನಿಂದ ತಲೆಯಲ್ಲಿ ಹುಳ ಹೊಕ್ಕಿದೆ.

ಅಲ್ಲಿ ನಿಜಕ್ಕೂ ಏನು ಕಲಿಸುತ್ತಾರೆ? ಸೂತ್ರ ಬಾಯಿಪಾಠ ಮಾಡಬೇಕಾ? ಎಷ್ಟು ಭಾಷೆ ಬರಬೇಕು? ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಮಾತಾಡುವಾಗ ತಡವರಿಸುತ್ತೇನೆ. ಓದಿ ಮುಗಿದ ಮೇಲೆ ಅಪ್ಪನಿಗೆ ತೋರಿಸಲು ಒಂದು ಕೆಲಸ ಸಿಗುತ್ತದಾ? ದಡ್ಡ ಪ್ರಶ್ನೆ ಅನ್ನಿಸಿದರೆ ಬೈಯಬೇಡಿ.

ಜೋಳದರೊಟ್ಟಿ:
ಬೈಯುವ ಮಾತೇ ಇಲ್ಲ, ತಂಗಿ. ನಾನು ರಾಜ್ಯದ ಹೊರಗೆ ಒಂದು ಸೆಂಟ್ರಲ್ ಯೂನಿವರ್ಸಿಟಿಯಲ್ಲಿ ಎಂ.ಎ. ಎರಡನೇ ವರ್ಷದಲ್ಲಿದ್ದೇನೆ. ಸೂತ್ರ ಬಾಯಿಪಾಠ ಇಲ್ಲ. ಹತ್ತು ಭಾಷೆಯೂ ಬೇಡ. ನನಗೆ ಬರುವುದು ಕನ್ನಡ, ಇಂಗ್ಲಿಷ್, ಹಾಸ್ಟೆಲಿನಲ್ಲಿ ಜಗಳವಾಡುವಷ್ಟು ಹಿಂದಿ.

ಕ್ಲಾಸಿನಲ್ಲಿ ಏನು ಮಾಡುತ್ತೇವೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ಇದನ್ನು ನೋಡಿ:

ನಾನು ಬಂದೆ. ಅವನು ಬಂದನು. ಅವಳು ಬಂದಳು. ಅವರು ಬಂದರು.
ನಾನು ಬರಲಿಲ್ಲ. ಅವನು ಬರಲಿಲ್ಲ. ಅವಳು ಬರಲಿಲ್ಲ. ಅವರು ಬರಲಿಲ್ಲ.

ಮೊದಲ ಸಾಲಿನಲ್ಲಿ ಯಾರು ಬಂದರು ಎನ್ನುವುದನ್ನು ಕ್ರಿಯಾಪದದ ಬಾಲವೇ ಹೇಳುತ್ತದೆ. ಎರಡನೇ ಸಾಲಿನಲ್ಲಿ ಬಾಲವೇ ಇಲ್ಲ. ಸರಿ, ಅದು ಹೋಗಲಿ. ಭೂತಕಾಲ ಎಲ್ಲಿದೆ? 'ಬಂದೆ'ಯಲ್ಲಿ ದಕಾರ ಇದೆ, ಅದೇ ಭೂತಕಾಲದ ಗುರುತು. 'ಬರಲಿಲ್ಲ'ವನ್ನು ಬಿಡಿಸಿದರೆ 'ಬರಲು', 'ಇಲ್ಲ' ಎರಡೇ ಸಿಗುತ್ತವೆ. ಎರಡರಲ್ಲೂ ಭೂತಕಾಲ ಇಲ್ಲ. ಆದರೂ ಕೇಳಿದವರಿಗೆಲ್ಲ ಅದು ಆಗಿಹೋದ ಮಾತು ಎಂದೇ ಗೊತ್ತಾಗುತ್ತದೆ. ಹೇಗೆ?

ಸಿಂಟ್ಯಾಕ್ಸ್ (ವಾಕ್ಯರಚನೆ) ಕ್ಲಾಸಿನಲ್ಲಿ ಇದೊಂದನ್ನೇ ಹಿಡಿದುಕೊಂಡು ಎಳೆದಾಡಿದ್ದೇವೆ. ಆರ್. ಅಮೃತವಲ್ಲಿ ಮತ್ತು ಕೆ. ಎ. ಜಯಶೀಲನ್ ಎಂಬ ಇಬ್ಬರು ಭಾಷಾವಿಜ್ಞಾನಿಗಳು ಇಂಥ ವಾಕ್ಯಗಳನ್ನೇ ಮುಂದಿಟ್ಟುಕೊಂಡು, ದ್ರಾವಿಡ ಭಾಷೆಗಳ ವಾಕ್ಯದಲ್ಲಿ ಕಾಲಕ್ಕೆ ಅಂತ ಪ್ರತ್ಯೇಕ ಜಾಗವೇ ಇಲ್ಲ ಎಂದು ವಾದಿಸಿದ್ದಾರೆ. ಒಪ್ಪಬಹುದು, ಬಿಡಬಹುದು. ಒಪ್ಪದಿದ್ದರೆ ಅದಕ್ಕೆ ಬೇರೆ ವಾಕ್ಯಗಳನ್ನು ತಂದು ತೋರಿಸಬೇಕು. ದಿನವಿಡೀ ನಾವು ಮಾಡುವ ಕೆಲಸ ಇಷ್ಟೇ.

ಗಿರ್ಮಿಟ್:
ನಾನು ಬೆಂಗಳೂರಿನಲ್ಲಿ ಸ್ಪೀಚ್ ಮತ್ತು ಎನ್‌ಎಲ್‌ಪಿ (ಯಂತ್ರಕ್ಕೆ ನಮ್ಮ ಮಾತು, ಬರಹ ಕಲಿಸುವ) ಕಂಪನಿಯೊಂದರಲ್ಲಿದ್ದೇನೆ. ಮೂಲತಃ ಎಂಜಿನಿಯರ್. ನಮ್ಮ ಟೀಮಿನಲ್ಲಿ ಲಿಂಗ್ವಿಸ್ಟಿಕ್ಸ್ ಓದಿದವರಿದ್ದಾರೆ. ಕೆಲಸದ ವಿಚಾರ ನೇರವಾಗಿ ಹೇಳಿಬಿಡುತ್ತೇನೆ. ಬರೀ ಎಂ.ಎ. ಸರ್ಟಿಫಿಕೇಟಿಗೆ ಸಿಗುವುದು ಡೇಟಾ ಲೇಬಲ್ ಮಾಡುವ ಕೆಲಸ. ಅದೂ ಹೆಚ್ಚಾಗಿ ಕಾಂಟ್ರಾಕ್ಟು. ಜೊತೆಗೆ ಪೈಥಾನ್ ಕೋಡಿಂಗ್ ಬಂದರೆ ಕತೆಯೇ ಬೇರೆ.

ಯಾಕೆ ಅಂದರೆ ಕನ್ನಡ ಯಂತ್ರಕ್ಕೆ ಸುಲಭವಾಗಿ ಬಗ್ಗುವುದಿಲ್ಲ. 'ಹೋಗಬೇಕಾಗಿರಲಿಲ್ಲವಂತೆ' ಅನ್ನುವುದು ನಮಗೆ ಒಂದೇ ಪದ. ಅದರೊಳಗೆ ಒಂದು ಇಡೀ ವಾಕ್ಯ ಕೂತಿದೆ. ಕೊನೆಯ 'ಅಂತೆ' ಬೇರೆ, ಇದು ನಾನು ಕಣ್ಣಾರೆ ಕಂಡಿದ್ದಲ್ಲ, ಕೇಳಿದ್ದು ಎಂದೂ ಹೇಳುತ್ತದೆ. ಯಂತ್ರ ಇದನ್ನು ಎಲ್ಲೆಲ್ಲೋ ಕತ್ತರಿಸುತ್ತದೆ. ಎಲ್ಲಿ ಕತ್ತರಿಸಬೇಕು, ಯಾಕೆ ಅಲ್ಲೇ ಕತ್ತರಿಸಬೇಕು ಅಂತ ಹೇಳುವವರು ಬೇಕು. ಕನ್ನಡ ಬರುವ ಎಂಜಿನಿಯರುಗಳು ಬೇಕಾದಷ್ಟು ಮಂದಿ ಸಿಗುತ್ತಾರೆ. ಇದನ್ನು ಬಿಡಿಸಿ ಹೇಳುವವರು ಸಿಗುವುದಿಲ್ಲ.

ಪಿಯುಸಿ ಮುಗಿಸಿದ ತಮ್ಮ ತಂಗಿಯರು ಯಾರಾದರೂ ಓದುತ್ತಿದ್ದರೆ ಒಂದು ಮಾತು. ಹೈದರಾಬಾದಿನ ಐಐಐಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಬಿ.ಟೆಕ್. ಜೊತೆಗೇ ಕಂಪ್ಯುಟೇಶನಲ್ ಲಿಂಗ್ವಿಸ್ಟಿಕ್ಸ್ ಎಂ.ಎಸ್. ಸೇರಿಸಿದ ಕೋರ್ಸ್ ಇದೆ. ಸೈನ್ಸ್ ತಗೊಂಡವರಿಗೆ ಅದು ಒಳ್ಳೇ ದಾರಿ.

ಕೊನೇಬೆಂಚು:
ಜೋಳದರೊಟ್ಟಿ ಅಕ್ಕ, ನಿಮ್ಮ ಉದಾಹರಣೆ ಓದಿ ಮಧ್ಯಾಹ್ನದಿಂದ ಅದೇ ಗುಂಗು. ಒಂದು ಡೌಟು. ಹಳೆಯ ಕನ್ನಡದಲ್ಲಿ ಬಾರೆನು, ಬಾರನು, ಬಾರಳು, ಬಾರರು ಅಂತ ಇದೆಯಲ್ಲ? ಅಲ್ಲಿ ನಿಷೇಧದಲ್ಲೂ ಬಾಲ ಇದೆ. ಆದರೆ ಅಲ್ಲೂ ಕಾಲದ ಗುರುತು ಕಾಣಲಿಲ್ಲ. 'ಬಾರನು' ಅಂದರೆ ಬರುವುದಿಲ್ಲ ಅಂತಲೂ ಆಗುತ್ತದೆ, ಸಂದರ್ಭ ನೋಡಿದರೆ ಬರಲಿಲ್ಲ ಅಂತಲೂ ಆಗುತ್ತದೆ. ಅಂದರೆ ಕನ್ನಡದಲ್ಲಿ 'ಇಲ್ಲ' ಅನ್ನುವಾಗ ಕಾಲ ಮೊದಲಿನಿಂದಲೂ ಜಾರಿಹೋಗುತ್ತಿತ್ತಾ?

ನಮ್ಮಜ್ಜಿ ಈಗಲೂ 'ನಾನು ಒಲ್ಲೆ', 'ಅವನು ಒಲ್ಲ' ಅಂತಾರೆ. ಅದೂ ಇದೇ ಜಾತಿ ಅಲ್ವಾ?

ಜೋಳದರೊಟ್ಟಿ:
ಅರ್ಜಿ ಹಾಕಿ. ಇನ್ನೇನೂ ಕೇಳಬೇಡಿ.

ತಮಾಷೆಯಲ್ಲ. ನಮ್ಮ ಬ್ಯಾಚಿನಲ್ಲಿ ಮೊದಲ ಸೆಮಿಸ್ಟರಿಗೇ ಬಿಟ್ಟು ಹೋದವರಿದ್ದಾರೆ. 'ನನಗೆ ಭಾಷೆ ಅಂದರೆ ಪ್ರೀತಿ' ಅಂತ ಬಂದವರು ಅವರು. ಪ್ರೀತಿ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಹೀಗೆ ಕೆದಕುವ ಚಟ ಇಲ್ಲದಿದ್ದರೆ ಇಲ್ಲಿ ಸಿಕ್ಕಾಪಟ್ಟೆ ಬೋರು.

ಮೇಷ್ಟ್ರು_ನಿವೃತ್ತ:
ಕೊನೇಬೆಂಚು ಅವರೇ, ನಿಮ್ಮ ಅಜ್ಜಿಯ 'ಒಲ್ಲೆ' ಅದೇ ಜಾತಿಯದು, ಸರಿಯಾಗಿಯೇ ಹಿಡಿದಿದ್ದೀರಿ. 'ಅರಿಯೆ'ಯನ್ನೂ ಸೇರಿಸಿಕೊಳ್ಳಿ.

ಪದವಿ ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು ನಾನು. ಭಾಷಾವಿಜ್ಞಾನವನ್ನು ಎಂ.ಎ. ಕನ್ನಡದ ಒಂದು ಪೇಪರಾಗಿ ಓದಿದವನು, ಅಷ್ಟೇ. ಆಗ ಧ್ವನಿಮಾ, ಆಕೃತಿಮಾ ಅಂತ ಪಾರಿಭಾಷಿಕ ಪದಗಳಿಗೆ ವ್ಯಾಖ್ಯೆ ಬರೆದು ಪಾಸಾಗುತ್ತಿದ್ದೆವು. ಈ ವಿಷಯವನ್ನೇ ಹಿಡಿದು ಓದಬೇಕೆಂದವರು ಪುಣೆಯ ಡೆಕ್ಕನ್ ಕಾಲೇಜಿಗೆ ಹೋಗುತ್ತಿದ್ದರು. 1950ರ ದಶಕದಲ್ಲಿ ರಾಕ್‌ಫೆಲರ್ ಫೌಂಡೇಶನ್ ನೆರವಿನಿಂದ ಅಲ್ಲಿ ಬೇಸಿಗೆ ಶಾಲೆಗಳು ನಡೆದವು. ನಮ್ಮ ದೇಶದ ಆಧುನಿಕ ಭಾಷಾವಿಜ್ಞಾನ ಬೇರುಬಿಟ್ಟದ್ದು ಅಲ್ಲಿಂದಲೇ ಎನ್ನಬಹುದು. ನಮ್ಮ ಡಿ. ಎನ್. ಶಂಕರ ಭಟ್ಟರೂ ಅಲ್ಲಿ ಕಲಿತವರೇ. ಕೊರಗ ಭಾಷೆಯಿಂದ ಹಿಡಿದು ಈಶಾನ್ಯದ ಬೋಡೊ, ತಾಂಖುಲ್ ನಾಗಾವರೆಗೆ ಕೆಲಸ ಮಾಡಿದವರು.

1969ರಲ್ಲಿ ಮೈಸೂರಿನಲ್ಲಿ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆ ಶುರುವಾಯಿತು. ಡಿ. ಪಿ. ಪಟ್ಟನಾಯಕರು ಮೊದಲ ನಿರ್ದೇಶಕರು. ಮಾನಸಗಂಗೋತ್ರಿಯಲ್ಲಿ ಓದುವವರಿಗೆ ಅದು ಪಕ್ಕದಲ್ಲೇ ಇದೆ. ಮೈಸೂರು ವಿಶ್ವವಿದ್ಯಾನಿಲಯದ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಲ್ಲಿ ಭಾಷಾವಿಜ್ಞಾನದಲ್ಲೇ ಎಂ.ಎ. ಇದೆ. ಮನೆಯಿಂದ ಬಹಳ ದೂರ ಕಳಿಸುವುದಿಲ್ಲ ಎಂದರೆ ಮೊದಲು ಅದನ್ನು ವಿಚಾರಿಸಿ.

ಎಲ್ಲರಕನ್ನಡಿಗ:
ಶಂಕರ ಭಟ್ಟರ ಹೆಸರು ಬಂತು ಅಂತ ಕೇಳುತ್ತೇನೆ. ಕನ್ನಡ ಬರಹದಲ್ಲಿ ಮಹಾಪ್ರಾಣ ಬೇಡ ಅಂದವರು ಅವರು. ಮಾತಿನಲ್ಲಿ ಯಾರೂ ಆಡದ ಮಹಾಪ್ರಾಣ ನಮಗೆ ಯಾಕೆ ಬೇಕು? ಯೂನಿವರ್ಸಿಟಿಗಳು ಇದನ್ನು ಒಪ್ಪಿಕೊಳ್ಳುವುದು ಯಾವಾಗ?

ಸಿಗ್ನಲ್_ಇಲ್ಲ:
ಶುರುವಾಯಿತು ನೋಡಿ.

ಮಂಡ್ಯದಬೆಲ್ಲ:
'ಯಾರೂ ಆಡದ' ಅಂದರೆ ಯಾರು? ನಮ್ಮ ತಾಯಿ 'ಭಯ' ಅಂತಲೇ ಅನ್ನುತ್ತಾರೆ. ನಿಮ್ಮ ಮನೆಯಲ್ಲಿ 'ಬಯ' ಅಂದರೆ ಊರೆಲ್ಲಾ ಹಾಗೇ ಅನ್ನಬೇಕಾ?

ಎಲ್ಲರಕನ್ನಡಿಗ:
ನಿಮ್ಮ ತಾಯಿಯವರನ್ನು ಎಳೆದು ತಂದಿದ್ದು ನೀವು, ನಾನಲ್ಲ. ಬಹುಪಾಲು ಜನರ ಆಡುಮಾತಿನ ಬಗ್ಗೆ ಹೇಳಿದೆ.

ಜೋಳದರೊಟ್ಟಿ:
ಇಬ್ಬರಿಗೂ ಒಂದು ಮಾತು. ಇದಕ್ಕೆ ಜಗಳ ಬೇಡ, ಮೈಕು ಸಾಕು. 'ಪ್ರಾಟ್' ಎಂಬ ಸಾಫ್ಟ್‌ವೇರ್ ಇದೆ, ಆಮ್ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಇಬ್ಬರು ಮಾಡಿದ್ದು, ಪುಕ್ಕಟೆ. ಹತ್ತು ಮನೆಯವರ ಮಾತನ್ನು ರೆಕಾರ್ಡ್ ಮಾಡಿ ಹಾಕಿ ನೋಡಿ. ಯಾರು, ಯಾವಾಗ, ಯಾರ ಮುಂದೆ ಮಹಾಪ್ರಾಣ ಆಡುತ್ತಾರೆ ಅಂತ ಅಲೆ ನೋಡಿದರೆ ತಿಳಿಯುತ್ತದೆ. ಲಿಪಿಯಲ್ಲಿ ಇಡಬೇಕೋ ಬೇಡವೋ ಅನ್ನುವುದು ಬೇರೆ ಪ್ರಶ್ನೆ. ಅದನ್ನು ತೀರ್ಮಾನಿಸುವುದು ಸಮಾಜ.

ಫೊನೆಟಿಕ್ಸ್ (ಮಾತಿನ ಧ್ವನಿಗಳ ಅಧ್ಯಯನ) ಲ್ಯಾಬಿನಲ್ಲಿ ನಾವು ಮೊದಲು ಮಾಡಿದ್ದು 'ಕತೆ' ಮತ್ತು 'ಕತ್ತೆ'. ಸ್ಕ್ರೀನಿನ ಮೇಲೆ ತಕಾರದ ಜಾಗದಲ್ಲಿ ಏನೂ ಕಾಣುವುದಿಲ್ಲ. ಬರೀ ಬಿಳಿ ಪಟ್ಟಿ. ನಾಲಿಗೆ ಹಲ್ಲಿಗೆ ಒತ್ತಿ ಉಸಿರು ಕಟ್ಟಿದ ಆ ಚೂರು ಹೊತ್ತು ಅದು. 'ಕತೆ'ಯಲ್ಲಿ ಆ ಪಟ್ಟಿ ಸಣ್ಣದು, 'ಕತ್ತೆ'ಯಲ್ಲಿ ಅಗಲ. ನಾವು ಒತ್ತಕ್ಷರ ಅಂತ ಕೆಳಗೆ ಬರೆಯುತ್ತೇವಲ್ಲ, ಕಿವಿಗೆ ಅದು ಮೌನದ ಉದ್ದ. ನಮ್ಮ ಕ್ಲಾಸಿನ ಹಿಂದಿ ಹುಡುಗನಿಗೆ 'ಹುಲಿ' ಮತ್ತು 'ಹುಳಿ' ಒಂದೇ ಥರ ಕೇಳುತ್ತಿತ್ತು. ನಾವು ನಕ್ಕೆವು. ಆಮೇಲೆ ಮಲಯಾಳಿ ಗೆಳತಿ ಎರಡು ಬಗೆಯ ರಕಾರ ಆಡಿ ತೋರಿಸಿದಳು, ನಗುವ ಸರದಿ ಅವಳದಾಯಿತು.

ಕಿವಿಮಾತು:
ಇಲ್ಲಿ ಯಾರೂ ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ. ನಾನು ಸ್ಪೀಚ್ ಥೆರಪಿಸ್ಟ್. ಲಿಂಗ್ವಿಸ್ಟಿಕ್ಸ್ ಎಂ.ಎ. ಮಾಡಿ ಸ್ಪೀಚ್ ಥೆರಪಿಗೆ ಬರಬಹುದಾ ಎಂದು ಕೇಳುವವರು ಜಾಸ್ತಿ. ಬರಲಾಗುವುದಿಲ್ಲ. ಅದಕ್ಕೆ ಬಿಎಎಸ್‌ಎಲ್‌ಪಿ ಎಂಬ ಪದವಿಯೇ ಬೇಕು. ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಇಲ್ಲದೆ ಥೆರಪಿ ಕೊಡುವಂತಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ, ಅಂದರೆ ನಮ್ಮ 'ಆಯಿಷ್'ಗೆ, ಬಾಗಿಲು ಅದೇ.

ಆದರೆ ನಮ್ಮ ಜೊತೆ ಸಂಶೋಧನೆಯಲ್ಲಿ ಲಿಂಗ್ವಿಸ್ಟ್‌ಗಳು ಇರುತ್ತಾರೆ. ಮಗು ಮಾತು ಕಲಿಯುವುದು ಹೇಗೆ ಅನ್ನುವುದರಲ್ಲಿ ಕನ್ನಡದ ಮೇಲೆ ಒಳ್ಳೇ ಕೆಲಸ ಆಗಿದೆ. ಜೆಫ್ರಿ ಲಿಡ್ಜ್ ಮತ್ತು ಜೊತೆಗಾರರು 2003ರಲ್ಲಿ ಪ್ರಕಟಿಸಿದ್ದನ್ನು ನೋಡಿ. ಕನ್ನಡದಲ್ಲಿ ಹಾರು, ಹಾರಿಸು ಅಂತ 'ಇಸು' ಸೇರಿಸಿ ಬೇರೆಯವರಿಂದ ಮಾಡಿಸುವುದನ್ನು ಹೇಳುತ್ತೇವೆ. ಮೂರು ವರ್ಷದ ಮಕ್ಕಳು ಆ 'ಇಸು'ವನ್ನು ಹಿಡಿದು ಅರ್ಥ ಮಾಡಿಕೊಳ್ಳುತ್ತಾರಾ, ಅಥವಾ ವಾಕ್ಯದಲ್ಲಿ ಎಷ್ಟು ನಾಮಪದ ಇದೆ ಎಂದು ನೋಡುತ್ತಾರಾ? ಅವರು ಕಂಡದ್ದು ಎರಡನೆಯದನ್ನು. 'ಇಸು' ಅಷ್ಟು ಸ್ಪಷ್ಟವಾಗಿ ಕಿವಿಗೆ ಬಿದ್ದರೂ ಮಕ್ಕಳು ನಾಮಪದಗಳ ಲೆಕ್ಕವನ್ನೇ ನಂಬುತ್ತಿದ್ದರು. ಇಂಗ್ಲಿಷಿನಲ್ಲಿ 'ಇಸು' ಥರದ್ದು ಇಲ್ಲ, ಹಾಗಾಗಿ ಈ ಪ್ರಶ್ನೆಯನ್ನು ಅಲ್ಲಿ ಕೇಳಲಿಕ್ಕೇ ಆಗುವುದಿಲ್ಲ. ನಮ್ಮ ಭಾಷೆಯೇ ಬೇಕಾಯಿತು.

ಅಡಕೆಪುಡಿ:
ನಾನು ಸ್ವಲ್ಪ ಕಹಿ ಮಾತಾಡುತ್ತೇನೆ, ಕ್ಷಮಿಸಿ. ನಾನೂ ಎಂ.ಎ. ಲಿಂಗ್ವಿಸ್ಟಿಕ್ಸ್. ಕಾಲೇಜು ಅಧ್ಯಾಪಕರಾಗಲು ಬರೆಯುವ ನೆಟ್ ಪರೀಕ್ಷೆ ಪಾಸಾಗಿದೆ. ಈಗ ಪ್ರೈವೇಟ್ ಕಾಲೇಜಿನಲ್ಲಿ ಕಮ್ಯುನಿಕೇಶನ್ ಸ್ಕಿಲ್ಸ್ ಪಾಠ ಮಾಡುತ್ತಿದ್ದೇನೆ. ರಾಜ್ಯದ ಪದವಿ ಕಾಲೇಜುಗಳಲ್ಲಿ ಲಿಂಗ್ವಿಸ್ಟಿಕ್ಸ್ ವಿಭಾಗ ಅಂತ ಹುಡುಕಿದರೆ ಸಿಗುವುದು ಕಷ್ಟ. ಕನ್ನಡ ಹುದ್ದೆಗೆ ಅರ್ಜಿ ಹಾಕಿದರೆ ಎಂ.ಎ. ಕನ್ನಡ ಎಲ್ಲಿ ಅಂತ ಕೇಳುತ್ತಾರೆ. ಇಂಗ್ಲಿಷ್ ಹುದ್ದೆಗೆ ಹಾಕಿದರೆ ಎಂ.ಎ. ಇಂಗ್ಲಿಷ್ ಎಲ್ಲಿ ಅಂತ. ಅತ್ತ ದರಿ, ಇತ್ತ ಪುಲಿ. ಮನೆಯಲ್ಲಿ ದುಡ್ಡಿನ ತಾಪತ್ರಯ ಇದ್ದರೆ ಬಿ.ಎಡ್. ಬಗ್ಗೆ ಮೂಗು ಮುರಿಯಬೇಡಿ. ಅಪ್ಪ ಹೇಳುವುದರಲ್ಲಿ ಲೆಕ್ಕಾಚಾರ ಇದೆ.

ಜೋಳದರೊಟ್ಟಿ:
ಅಡಕೆಪುಡಿ ಅಣ್ಣ ಹೇಳಿದ್ದು ನಿಜ. ಇದನ್ನು ಸೀಟು ತಗೊಳ್ಳುವ ಮೊದಲೇ ಹೇಳುವವರು ಕಮ್ಮಿ. ನನ್ನ ಲೆಕ್ಕ ಹೀಗಿದೆ: ಎಂ.ಎ. ಜೊತೆಗೆ ಇನ್ನೊಂದು ಕಸುಬು ಕೈಯಲ್ಲಿರಬೇಕು. ಕೋಡಿಂಗೋ, ಫೀಲ್ಡ್‌ವರ್ಕೋ, ನಿಘಂಟು ಕೆಲಸವೋ, ಅನುವಾದವೋ. ಎರಡನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಯಾವುದು ಅಂತ ಗೊತ್ತಾಗಿರಬೇಕು. ಸಂಶೋಧನೆಗೆ ಹೋಗುವುದಾದರೆ ಯುಜಿಸಿ ನೆಟ್‌ನಲ್ಲಿ ಜೆಆರ್‌ಎಫ್ (ಸಂಶೋಧಕರಿಗೆ ಕೊಡುವ ಫೆಲೋಶಿಪ್) ತಗೊಳ್ಳಲೇಬೇಕು. 2023ರಿಂದ ತಿಂಗಳಿಗೆ 37,000 ರೂಪಾಯಿ. ಪಿಎಚ್‌.ಡಿ. ಮಾಡುತ್ತಾ ಮನೆಗೂ ಒಂದಿಷ್ಟು ಕಳಿಸಬಹುದು. ಅದಿಲ್ಲದೆ ಪಿಎಚ್‌.ಡಿ.ಗೆ ಇಳಿಯಬೇಡಿ ಎಂದೇ ನನ್ನ ಅಭಿಪ್ರಾಯ.

ಗಡಿಮನಿ:
ನಾನು ಚಿಕ್ಕೋಡಿ ಕಡೆಯವ. ಲಿಂಗ್ವಿಸ್ಟಿಕ್ಸ್ ಓದಿದವನಲ್ಲ, ಓದಿದವಳ ಗಂಡ. ಅವಳ ಪುಸ್ತಕದಲ್ಲಿ ನಮ್ಮ ಪಕ್ಕದ ಸಾಂಗ್ಲಿಯ ಕುಪ್ವಾರ್ ಅನ್ನುವ ಊರು ಕಂಡು ಬೆರಗಾದೆ. ಅಲ್ಲಿ ಜೈನರು ಕನ್ನಡ, ಮುಸ್ಲಿಮರು ಉರ್ದು, ಉಳಿದ ಬಹಳಷ್ಟು ಮಂದಿ ಮರಾಠಿ ಆಡುತ್ತಿದ್ದರಂತೆ. ತಲೆತಲಾಂತರದಿಂದ ಒಟ್ಟಿಗಿದ್ದು ಮೂರೂ ಭಾಷೆಯ ವಾಕ್ಯ ಒಂದೇ ಅಚ್ಚಿಗೆ ಬಂದಿತ್ತಂತೆ. ಪದ ಮಾತ್ರ ಬೇರೆ ಬೇರೆ. 1971ರಲ್ಲಿ ಗಂಪರ್ಜ್ ಮತ್ತು ವಿಲ್ಸನ್ ಎಂಬಿಬ್ಬರು ಬರೆದ ಲೇಖನ ಅದು. ಜಗತ್ತಿನಲ್ಲಿ ಎಲ್ಲೇ ಲಿಂಗ್ವಿಸ್ಟಿಕ್ಸ್ ಓದಿದರೂ ಆ ಊರಿನ ಹೆಸರು ಬರುತ್ತದೆ ಅಂತ ಹೆಂಡತಿ ಹೇಳುತ್ತಾಳೆ.

ನೀವು 'ಈ ಮನೆ ನಿಮ್ಮದು' ಅಂದು ಸುಮ್ನಾಗುತ್ತೀರಿ. ಅಲ್ಲಿ 'ಈ ಮನಿ ನಿಮ್ಮದ ಐತಿ' ಅಂತಾರೆ. ಮರಾಠಿಯ 'ಆಹೇ' ಇದ್ದ ಜಾಗದಲ್ಲಿ 'ಐತಿ' ಬಂದು ಕೂತಿದೆ. ನಾವು ಇದನ್ನೇ ದಿನಾ ಆಡುತ್ತೇವೆ, ಬೆಂಗಳೂರಿನವರು ತಪ್ಪು ಕನ್ನಡ ಅಂತಾರೆ. ಈಗ ಯಾರಾದರೂ ಹಾಗಂದರೆ ಪುಸ್ತಕದ ಪುಟ ತೋರಿಸುತ್ತೇನೆ.

ಮೇಷ್ಟ್ರು_ನಿವೃತ್ತ:
ಗಡಿಮನಿಯವರೇ, ಇನ್ನೊಂದು ಇದೆ. ನಿಮ್ಮ ಕಡೆ 'ಬಂದಾನ' ಎಂದರೆ ಬಂದಿದ್ದಾನೆ. ನಮ್ಮ ಹಳೇ ಮೈಸೂರಿನ ಪುಸ್ತಕದ ಕನ್ನಡದಲ್ಲಿ 'ಬಂದಾನು' ಎಂದರೆ ಬಂದರೂ ಬರಬಹುದು. ಧಾರವಾಡದ ಬೀಗರು ಫೋನಿನಲ್ಲಿ 'ಹುಡುಗ ಬಂದಾನ್ರೀ' ಎಂದಾಗ ನಮ್ಮ ಮನೆಯಲ್ಲಿ ಬರುತ್ತಾನೋ ಇಲ್ಲವೋ ಎಂದು ಚರ್ಚೆ ನಡೆದಿತ್ತು. ಅವನು ಅಲ್ಲಿ ಊಟಕ್ಕೆ ಕೂತಿದ್ದ.

ಕೊನೇಬೆಂಚು:
😂 ಮೇಷ್ಟ್ರೇ!

ಒಂದು ಕೇಳಬೇಕಿತ್ತು. ಫೀಲ್ಡ್‌ವರ್ಕ್ ಅಂದರೆ ಹಳ್ಳಿಗೆ ಹೋಗಿ ರೆಕಾರ್ಡ್ ಮಾಡುವುದಾ? ಹುಡುಗಿಯರಿಗೆ ಕಷ್ಟವಾ?

ಕಾಡುಮಲ್ಲಿಗೆ:
ಪಿಎಚ್‌.ಡಿ. ಮಾಡುತ್ತಿದ್ದೇನೆ. ಕೊಡಗು–ವಯನಾಡು ಗಡಿಯ ಒಂದು ಸಣ್ಣ ಸಮುದಾಯದ ಭಾಷೆ. ಹುಡುಗಿಯಾಗಿರುವುದು ನನಗೆ ಅನುಕೂಲವೇ ಆಯಿತು. ಅಡುಗೆಮನೆಗೆ ನೇರ ಪ್ರವೇಶ. ಮಾತೆಲ್ಲ ನಡೆಯುವುದು ಅಲ್ಲೇ ಅಲ್ವಾ? ಉಳಿಯುವ ಜಾಗ, ಬಸ್ಸಿನ ಸಮಯ, ಜೊತೆಗೊಬ್ಬರು, ಇಷ್ಟನ್ನು ಮೊದಲೇ ನೋಡಿಕೊಳ್ಳಬೇಕು.

ಕಷ್ಟ ಇರುವುದು ಪ್ರಶ್ನೆ ಕೇಳುವುದರಲ್ಲಿ. 'ನನ್ನ ಕೈ' ಅನ್ನುವುದಕ್ಕೆ ನಿಮ್ಮಲ್ಲಿ ಏನಂತೀರಿ ಎಂದು ಕೇಳಿದೆ. ಅಜ್ಜಿ ನನ್ನ ಕೈ ನೋಡಿ, 'ನಿನ್ನ ಕೈ' ಅನ್ನುವುದಕ್ಕೆ ಏನನ್ನಬೇಕೋ ಅದನ್ನು ಹೇಳಿದರು. ಅವರ ಕಡೆಯಿಂದ ಅದೇ ಸರಿ. 'ಅವನು ನನ್ನನ್ನು ಹೊಡೆದ' ಅಂದರೆ ಇನ್ನೂ ಫಜೀತಿ. ಯಾರು ಹೊಡೆದದ್ದು ಮಗಳೇ, ಯಾವಾಗ, ಅಂತ ಗಾಬರಿಯಾಗಿಬಿಟ್ಟರು. ಆಮೇಲೆ ಪ್ರಶ್ನೆಗಳ ಪಟ್ಟಿ ಬದಿಗಿಟ್ಟು ಜೇನು ಕೀಳುವ ಬಗ್ಗೆ ಕೇಳಿದೆ. ಮಧ್ಯಾಹ್ನವೆಲ್ಲ ಮಾತಾಡಿದರು. ನನಗೆ ಬೇಕಾದ ಕ್ರಿಯಾಪದಗಳೆಲ್ಲ ಅದರಲ್ಲೇ ಸಿಕ್ಕವು.

ಮೈಕು ಆನ್ ಮಾಡಿದ ಕೂಡಲೇ ಕೆಲವರು ರೇಡಿಯೋ ಕನ್ನಡಕ್ಕೆ ಜಾರುತ್ತಾರೆ. ತಮ್ಮ ಮಾತು ಕೀಳು ಅಂತ ಶಾಲೆಯಲ್ಲಿ ಕಲಿತಿರುತ್ತಾರೆ. ಅದನ್ನು ಬಿಡಿಸಲು ಹೋಗಬೇಡಿ. ಕಾಫಿ ಕುಡಿಯಿರಿ, ಕಾಯಿರಿ. ಒಂದು ಗಂಟೆ ರೆಕಾರ್ಡಿಂಗನ್ನು ಕೇಳಿ ಕೇಳಿ ಬರೆದುಕೊಳ್ಳಲು ದಿನಗಟ್ಟಲೆ ಬೇಕು. ಈ ಕೆಲಸದ ಬಹುಪಾಲು ಅದೇ. ಕಾಡು, ಜೇನು ಎಲ್ಲ ಸ್ವಲ್ಪವೇ.

ಸೆನ್ಸಸ್ ಬಗ್ಗೆಯೂ ಓದಿಕೊಳ್ಳಿ. 2011ರಲ್ಲಿ ಜನ ಬರೆಸಿದ ಮಾತೃಭಾಷೆಗಳ ಹೆಸರು 19,569. ತಪ್ಪು ಹೆಸರು, ಎರಡೆರಡು ಹೆಸರು ಎಲ್ಲ ಜಾಲಾಡಿ 1,369ಕ್ಕೆ ಇಳಿಸಿದರು. ಕೊನೆಗೆ ಗುಂಪು ಮಾಡಿ 121 ಭಾಷೆ ಅಂದರು. ನೀಲಗಿರಿಯ ಬಡಗ ಭಾಷೆ ಕನ್ನಡದ ಲೆಕ್ಕಕ್ಕೆ ಬಿತ್ತು. ಬಡಗರನ್ನು ಕೇಳಿ ನೋಡಿ, ಒಪ್ಪದವರು ಬೇಕಾದಷ್ಟು ಮಂದಿ ಇದ್ದಾರೆ.

ಸಿಗ್ನಲ್_ಇಲ್ಲ:
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಸೇರುವ ಮೊದಲು ಪರೀಕ್ಷೆ ಮಾಡಿಕೊಳ್ಳಬೇಕಾ? ಭಾಷಾವಿಜ್ಞಾನ ಒಲಿಂಪಿಯಾಡ್‌ನ ಹಳೇ ಪ್ರಶ್ನೆಗಳು ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಹೆಸರೇ ಕೇಳಿರದ ಭಾಷೆಯ ಒಂದಿಷ್ಟು ವಾಕ್ಯ, ಅದರ ಅರ್ಥ ಕೊಟ್ಟಿರುತ್ತಾರೆ. ನಿಯಮ ನೀವೇ ಹುಡುಕಬೇಕು. ಹೈಸ್ಕೂಲ್ ಮಕ್ಕಳಿಗೆ ಅಂತ ಮಾಡಿದ್ದು, ಆದರೆ ಬೆವರಿಳಿಸುತ್ತದೆ. 2016ರಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆ ನಡೆದದ್ದು ನಮ್ಮ ಮೈಸೂರಿನಲ್ಲೇ. ಊಟ ಮರೆತು ಕೂತರೆ ಸೇರಿ. ಉತ್ತರ ಯಾವ ಪುಟದಲ್ಲಿದೆ ಅಂತ ಹುಡುಕಿದರೆ ಬಿ.ಎಡ್.

ಅಡಕೆಪುಡಿ:
ನಾನು ಈಗಲೂ ಊಟ ಮರೆತು ಕೂರುತ್ತೇನೆ. ಅದೇ ಸಮಸ್ಯೆ.

ಕೊನೇಬೆಂಚು:
ಎಲ್ಲರಿಗೂ ಥ್ಯಾಂಕ್ಸ್. ಅಡಕೆಪುಡಿ ಅಣ್ಣ ಬರೆದದ್ದನ್ನು ಅಪ್ಪನಿಗೂ ಓದಿ ಹೇಳಿದೆ. ಮುಚ್ಚಿಡುವುದು ಬೇಡ ಅನ್ನಿಸಿತು. 'ಈ ಹುಡುಗ ಸತ್ಯ ಹೇಳುತ್ತಾನೆ' ಅಂದರು. ಗಿರ್ಮಿಟ್ ಸರ್ ಬರೆದದ್ದನ್ನೂ ಓದಿದೆ. ಪೈಥಾನ್ ಅಂದರೆ ಹೆಬ್ಬಾವಾ ಅಂತ ಕೇಳಿದರು. ಸದ್ಯಕ್ಕೆ ಆದ ಒಪ್ಪಂದ ಇಷ್ಟು: ಮೈಸೂರಿಗೂ ಅರ್ಜಿ, ಸೆಂಟ್ರಲ್ ಯೂನಿವರ್ಸಿಟಿಗಳಿಗೂ ಅರ್ಜಿ. ಎರಡೂ ಸಿಗದಿದ್ದರೆ ಬಿ.ಎಡ್., ತಕರಾರಿಲ್ಲದೆ.

ಇಂಗ್ಲಿಷ್ ಬಗ್ಗೆ ಯಾರೂ ಹೇಳಲಿಲ್ಲ. ಅದೊಂದೇ ಭಯ ಉಳಿದಿದೆ. (ಮಂಡ್ಯದಬೆಲ್ಲ ಅವರೇ, ಮಹಾಪ್ರಾಣ ಹಾಕಿದ್ದೇನೆ.)

ಜೋಳದರೊಟ್ಟಿ:
ಪುಸ್ತಕ, ಲೇಖನ ಎಲ್ಲ ಇಂಗ್ಲಿಷಿನಲ್ಲೇ. ಅದರಲ್ಲಿ ವಿನಾಯಿತಿ ಇಲ್ಲ. ಮೊದಲ ಸೆಮಿಸ್ಟರ್ ನಾನು ಕ್ಲಾಸಿನಲ್ಲಿ ಬಾಯಿ ಬಿಡುತ್ತಿರಲಿಲ್ಲ. ಆಮೇಲೆ ಕನ್ನಡದ ಉದಾಹರಣೆ ಬೇಕಾದಾಗಲೆಲ್ಲ ಎಲ್ಲರೂ ನನ್ನ ಕಡೆ ತಿರುಗತೊಡಗಿದರು. ಈ ವಾಕ್ಯ ಕನ್ನಡದಲ್ಲಿ ಸರಿಯಾ ತಪ್ಪಾ ಅಂತ. ಹರಕು ಮುರುಕು ಇಂಗ್ಲಿಷಿನಲ್ಲೇ ಹೇಳಿದೆ, ಬರೆದುಕೊಂಡರು. ಈ ಒಂದು ವಿಷಯದಲ್ಲಿ ಮನೆಮಾತು ಗಟ್ಟಿಯಾಗಿದ್ದವರ ಕೈ ಮೇಲು. ಕಾನ್ವೆಂಟಿನಲ್ಲಿ ಓದಿ ಕನ್ನಡ ಅರ್ಧ ಮರೆತ ಗೆಳತಿ ನನ್ನಿಂದ ಡೇಟಾ ತಗೊಳ್ಳುತ್ತಾಳೆ, ನಾನು ಅವಳಿಂದ ಪ್ರಬಂಧ ತಿದ್ದಿಸುತ್ತೇನೆ.

ಜೆಎನ್‌ಯು, ದೆಹಲಿ, ಹೈದರಾಬಾದ್ ನೋಡುವುದಾದರೆ ಸಿಯುಇಟಿ-ಪಿಜಿ ಪ್ರವೇಶ ಪರೀಕ್ಷೆ ಬರೆಯಬೇಕು. ಅರ್ಜಿಯ ಕೊನೇ ದಿನಾಂಕ ಪ್ರತಿವರ್ಷ ಬದಲಾಗುತ್ತದೆ, ಪರೀಕ್ಷೆ ನಡೆಸುವ ಎನ್‌ಟಿಎ ವೆಬ್‌ಸೈಟ್ ನೋಡುತ್ತಿರಿ. ಹಳೇ ಪ್ರಶ್ನೆಪತ್ರಿಕೆಗಳು ನನ್ನ ಹತ್ತಿರ ಇವೆ. ಮೆಸೇಜ್ ಮಾಡಿ.

ಎಲ್ಲರಕನ್ನಡಿಗ:
ನಾನು ನಿಜವಾಗಿಯೂ ಪ್ರಾಟ್ ಹಾಕಿಕೊಂಡೆ. ಮಂಡ್ಯದಬೆಲ್ಲ ಅವರೇ, ನಿಮ್ಮ ತಾಯಿಯವರು ಒಪ್ಪಿದರೆ ಒಂದು ರೆಕಾರ್ಡಿಂಗ್ ಕಳಿಸುತ್ತೀರಾ?

ಮಂಡ್ಯದಬೆಲ್ಲ:
ಕೇಳಿ ನೋಡುತ್ತೇನೆ. ನಿಮ್ಮದೂ ಕಳಿಸಿ.